ಬಿಡದಿಯಲ್ಲಿ ಹೈಬ್ರಿಡ್ ಕಾರು ಜಾಸ್ತಿ ಆಗುತ್ತಿದೆ, ಆ ಲಾಭ ಯಾರ ಜೇಬಿಗೆ?

ರಾಮನಗರ_ರೀಲರ್

ಎಲ್ಲರಿಗೂ ನಮಸ್ಕಾರ. ನಮ್ಮದು ರಾಮನಗರ, ರೇಷ್ಮೆ ನೂಲು ಬಿಚ್ಚುವ ಕಸುಬು. ಬೆಳಗ್ಗೆ ಗೂಡಿನ ಮಾರ್ಕೆಟ್ಟು, ಮಧ್ಯಾಹ್ನ ಯೂನಿಟ್ಟು, ರಾತ್ರಿ ಊಟ ಆದ ಮೇಲೆ ಶೇರು. ಹತ್ತು ವರ್ಷದಿಂದ ಉಳಿದ ದುಡ್ಡಲ್ಲಿ ಸ್ವಲ್ಪ ಸ್ವಲ್ಪ ಹಾಕಿಕೊಂಡು ಬಂದಿದ್ದೇನೆ. ನನ್ನ ಹತ್ತಿರ ಮಾರುತಿ ಸುಜುಕಿಯ 40 ಶೇರು ಇವೆ.

ನನ್ನ ಪ್ರಶ್ನೆ ಬಿಡದಿಯ ಬಗ್ಗೆ. ಟೊಯೋಟಾ ಕಿರ್ಲೋಸ್ಕರ್‌ಗೆ ಅಲ್ಲಿ ಎರಡು ಪ್ಲಾಂಟ್ ಇವೆ. ಎರಡೂ ಸೇರಿ ವರ್ಷಕ್ಕೆ 3.42 ಲಕ್ಷ ಕಾರು ಮಾಡಬಹುದು. 2023ರ ನವೆಂಬರ್‌ನಲ್ಲಿ ನಮ್ಮ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡು ಮೂರನೇ ಪ್ಲಾಂಟಿಗೆ 3,300 ಕೋಟಿ ಹಾಕುತ್ತೇವೆ ಎಂದರು. ಇನ್ನೂ 1 ಲಕ್ಷ ಕಾರು, 2,000 ಜನಕ್ಕೆ ಕೆಲಸ, 2026ಕ್ಕೆ ಶುರು ಎಂಬ ಮಾತು. ಅದಕ್ಕೂ ಮುಂಚೆ 2022ರಲ್ಲಿ ಟೊಯೋಟಾ ಗುಂಪು ಇಲ್ಲೇ 4,800 ಕೋಟಿ ಹಾಕುತ್ತೇವೆ ಎಂದಿತ್ತು. ಹೈಬ್ರಿಡ್ (ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವ ಕಾರು) ಮತ್ತು ಇವಿ (ಬರೀ ಬ್ಯಾಟರಿ ಕಾರು) ಎರಡಕ್ಕೂ ಬೇಕಾಗುವ ಇ-ಡ್ರೈವ್, ಅಂದರೆ ಚಕ್ರ ತಿರುಗಿಸುವ ಮೋಟಾರಿನ ಭಾಗ, ಮಾಡುವುದೂ ಅದರಲ್ಲಿ ಸೇರಿತ್ತು.

ಕಂಪನಿ 2023ರಲ್ಲಿ ಮಾರಿದ್ದು ಸುಮಾರು 2.33 ಲಕ್ಷ ಕಾರು. 2024ರಲ್ಲಿ 3.26 ಲಕ್ಷ. ಇಷ್ಟು ಏರಿದ್ದರಲ್ಲಿ ಹೈಬ್ರಿಡ್ ಪಾಲು ದೊಡ್ಡದು ಎಂಬುದು ನಮ್ಮ ರಸ್ತೆಯಲ್ಲೇ ಕಾಣುತ್ತದೆ. ಮೈಸೂರು ಹೆದ್ದಾರಿಯಲ್ಲಿ ಟೀ ಕುಡಿಯುತ್ತಾ ನಿಂತರೆ ಹತ್ತು ನಿಮಿಷದಲ್ಲಿ ಟೊಯೋಟಾದ ಎಷ್ಟು ಇನ್ನೋವಾ ಹೈಕ್ರಾಸ್ ಹೋಗುತ್ತವೆ ನೋಡಿ.

ಆದರೆ ಟೊಯೋಟಾ ಕಿರ್ಲೋಸ್ಕರ್ ನಮ್ಮ ಶೇರುಪೇಟೆಯಲ್ಲಿ ಇಲ್ಲ. ಹಾಗಾದರೆ ಈ ಹೈಬ್ರಿಡ್ ಬೆಳವಣಿಗೆಯಲ್ಲಿ ನಮ್ಮಂಥ ಸಣ್ಣ ಹೂಡಿಕೆದಾರರಿಗೆ ಪಾಲು ಎಲ್ಲಿದೆ? ಮಾರುತಿ ಇಟ್ಟುಕೊಂಡರೆ ಸಾಕೇ, ಇನ್ನೂ ತಗೊಳ್ಳಬೇಕೇ? ಗೂಡು ಚೆನ್ನಾಗಿ ಬೆಳೆದ ವರ್ಷ ರೀಲರ್‌ಗೆ ದುಡ್ಡು ಬರುತ್ತದೆ ಎಂದೇನಿಲ್ಲ. ನೂಲಿನ ಬೆಲೆ ಯಾರ ಕೈಯಲ್ಲಿದೆಯೋ ಅವರಿಗೆ ಬರುತ್ತದೆ. ಇಲ್ಲೂ ಹಾಗೇ ಇರಬಹುದು ಎಂದು ನನಗೆ ಅನುಮಾನ. ತಿಳಿದವರು ಹೇಳಿ.

ಹೊಸಬ_ಹೂಡಿಕೆ

ಅಣ್ಣಾ, ನಾನು ಕಿರ್ಲೋಸ್ಕರ್ ಹೆಸರಿನ ಎರಡು ಶೇರು ತಗೊಂಡಿದ್ದೇನೆ. ಟೊಯೋಟಾ ಕಿರ್ಲೋಸ್ಕರ್ ಬೆಳೆದರೆ ಅವೂ ಏರುತ್ತವೆ ಅಲ್ವಾ? ಒಂದು ವಾಟ್ಸಾಪ್ ಗ್ರೂಪಿನಲ್ಲಿ ಹೀಗೇ ಹೇಳಿದರು.

ಲೆಕ್ಕದ_ಮೇಡಂ

ಮೊದಲು ಹೊಸಬರಿಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಈ ತಪ್ಪು ನನ್ನ ಕ್ಲೈಂಟುಗಳಲ್ಲೂ ತುಂಬ ಜನ ಮಾಡುತ್ತಾರೆ.

ಟೊಯೋಟಾ ಕಿರ್ಲೋಸ್ಕರ್ ಮೋಟಾರ್‌ನಲ್ಲಿ ಶೇಕಡ 89 ಜಪಾನಿನ ಟೊಯೋಟಾದ್ದು. ಉಳಿದ ಶೇಕಡ 11 ಕಿರ್ಲೋಸ್ಕರ್ ಸಿಸ್ಟಮ್ಸ್ ಎಂಬ ಕಂಪನಿಯದ್ದು. ಅದು ವಿಕ್ರಮ್ ಕಿರ್ಲೋಸ್ಕರ್ ಅವರ ಮನೆತನದ ಖಾಸಗಿ ಕಂಪನಿ, ಪೇಟೆಯಲ್ಲಿ ಇಲ್ಲ. ಪೇಟೆಯಲ್ಲಿರುವ ಕಿರ್ಲೋಸ್ಕರ್ ಬ್ರದರ್ಸ್ ಪಂಪ್ ಮಾಡುತ್ತದೆ. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಡೀಸೆಲ್ ಎಂಜಿನ್, ಜನರೇಟರ್ ಮಾಡುತ್ತದೆ. ಕಿರ್ಲೋಸ್ಕರ್ ಫೆರಸ್‌ಗೆ ನಮ್ಮ ಕೊಪ್ಪಳದಲ್ಲಿ ಕಬ್ಬಿಣದ ಕಾರ್ಖಾನೆ ಇದೆ. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಬೆಂಗಳೂರಿನದ್ದು. ಎಲ್ಲ ಒಂದೇ ದೊಡ್ಡ ಮನೆತನದಿಂದ ಹೊರಟವು, ಈಗ ಬೇರೆ ಬೇರೆ ಕವಲು. ಬಿಡದಿಯ ಕಾರಿನ ಲಾಭಕ್ಕೂ ಇವುಗಳ ಡಿವಿಡೆಂಡಿಗೂ ಸಂಬಂಧ ಇಲ್ಲ.

ಅವು ಕೆಟ್ಟ ಶೇರು ಎಂದು ನಾನು ಹೇಳುತ್ತಿಲ್ಲ. ಪಂಪಿನ ವ್ಯಾಪಾರ ನೋಡಿ ತಗೊಂಡಿದ್ದರೆ ಇಟ್ಟುಕೊಳ್ಳಿ. ಹೈಬ್ರಿಡ್ ಕಾರಿಗೋಸ್ಕರ ತಗೊಂಡಿದ್ದರೆ ಕಾರಣವೇ ತಪ್ಪು. ತಪ್ಪು ಕಾರಣಕ್ಕೆ ತಗೊಂಡ ಶೇರನ್ನು ಯಾವಾಗ ಮಾರಬೇಕು ಎಂಬುದೂ ಗೊತ್ತಾಗುವುದಿಲ್ಲ.

ಹೊಸಬ_ಹೂಡಿಕೆ

ಅಯ್ಯೋ, ಇದು ಗೊತ್ತೇ ಇರಲಿಲ್ಲ. ತುಂಬ ಧನ್ಯವಾದ ಮೇಡಂ. ಇವತ್ತೇ ಕೂತು ಎರಡೂ ಕಂಪನಿಯ ವಾರ್ಷಿಕ ವರದಿ ಓದುತ್ತೇನೆ.

ಬಿ_ಶಿಫ್ಟ್

ನಾನು ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಭಾಗ ಮಾಡಿಕೊಡುವ ಒಂದು ವೆಂಡರ್ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮದು ಪ್ರೆಸ್ ಶಾಪ್. ತಗಡು ಒತ್ತಿ ಬ್ರಾಕೆಟ್ ಮಾಡುವುದು. ಶೇರಿನ ಬಗ್ಗೆ ನನಗೆ ಅಷ್ಟಾಗಿ ಗೊತ್ತಿಲ್ಲ, ಆದರೆ ಒಳಗಿನಿಂದ ಕಾಣುವುದನ್ನು ಹೇಳುತ್ತೇನೆ.

ನಮ್ಮಲ್ಲಿ ಆರ್ಡರ್ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ, ಗಂಟೆ ಲೆಕ್ಕದಲ್ಲಿ ಬರುತ್ತದೆ. ಪ್ರತಿ ಟ್ರೇಗೂ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಕಾನ್‌ಬಾನ್ ಕಾರ್ಡು. ಅದರಲ್ಲಿ ಪಾರ್ಟ್ ನಂಬರು, ಎಷ್ಟು ಪೀಸು, ಯಾವ ಗೇಟು ಎಲ್ಲ ಇರುತ್ತದೆ. ಖಾಲಿ ಟ್ರೇ ಜೊತೆ ಕಾರ್ಡು ವಾಪಸ್ ಬಂದರೆ ಮಾತ್ರ ಮುಂದಿನ ಲಾಟ್ ಒತ್ತುತ್ತೇವೆ. ನನಗೆ ವ್ಯಾಪಾರ ಹೇಗಿದೆ ಎಂದು ತಿಳಿಯಲು ಪೇಪರ್ ಬೇಡ. ಕಾರ್ಡು ಎಷ್ಟು ಬೇಗ ತಿರುಗಿ ಬರುತ್ತದೆ ಎಂದು ನೋಡಿದರೆ ಸಾಕು. 2022ಕ್ಕೆ ಹೋಲಿಸಿದರೆ ಕಾರ್ಡು ಈಗ ತುಂಬ ಬೇಗ ತಿರುಗುತ್ತಿದೆ. ಭಾನುವಾರವೂ ಎಷ್ಟೋ ಸಲ ಓಟಿ ಇರುತ್ತದೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಮಾರುತಿಯ ಗ್ರ್ಯಾಂಡ್ ವಿಟಾರಾ ತಯಾರಾಗುವುದೂ ಬಿಡದಿಯಲ್ಲೇ. ಟೊಯೋಟಾ ಹೈರೈಡರ್ ಮತ್ತು ಅದು ಅಕ್ಕ ತಂಗಿ ಇದ್ದ ಹಾಗೆ. ಮಾರುತಿ ಇನ್ವಿಕ್ಟೋ ಕೂಡ ಇಲ್ಲಿಯದೇ, ಹೈಕ್ರಾಸ್‌ನ ಇನ್ನೊಂದು ರೂಪ. ಅದೇ ರೀತಿ ಟೊಯೋಟಾ ಹೆಸರಲ್ಲಿ ಮಾರುವ ಗ್ಲಾನ್ಜಾ ಮಾರುತಿಯ ಬಲೆನೋ, ಅದನ್ನು ಮಾಡುವುದು ಮಾರುತಿ. ಹಾಗಾಗಿ ರೀಲರ್ ಅಣ್ಣ ಹೇಳಿದ 3.26 ಲಕ್ಷದಲ್ಲಿ ಎಲ್ಲವೂ ಬಿಡದಿಯ ಕಾರಲ್ಲ. ಬಿಡದಿಯಲ್ಲಿ ಆದ ಕಾರೆಲ್ಲ ಟೊಯೋಟಾ ಹೆಸರಲ್ಲಿ ಮಾರಿದ್ದೂ ಅಲ್ಲ.

ಲೆಕ್ಕದ_ಮೇಡಂ

ಬಿ ಶಿಫ್ಟ್ ಅವರು ಹೇಳಿದ್ದರಲ್ಲೇ ರೀಲರ್ ಅವರ ಪ್ರಶ್ನೆಗೆ ಅರ್ಧ ಉತ್ತರ ಇದೆ. ಮಾರುತಿ ಗ್ರ್ಯಾಂಡ್ ವಿಟಾರಾವನ್ನು ಟೊಯೋಟಾದಿಂದ ಕೊಂಡು ಮಾರುತ್ತದೆ. ಅಂದರೆ ಆ ಕಾರಿನಲ್ಲಿ ತಯಾರಿಕೆಯ ಲಾಭ ಬಿಡದಿಗೆ, ಮಾರಾಟದ ಲಾಭ ಮಾರುತಿಗೆ. ಅದರ ಸ್ಟ್ರಾಂಗ್ ಹೈಬ್ರಿಡ್ ಮಾದರಿಯಲ್ಲಿ (ಸ್ವಲ್ಪ ದೂರ ಬರೀ ಬ್ಯಾಟರಿಯಲ್ಲೇ ಓಡಬಲ್ಲದ್ದು) ಎಂಜಿನ್, ಗೇರ್, ಮೋಟಾರ್ ಎಲ್ಲ ಟೊಯೋಟಾ ತಂತ್ರಜ್ಞಾನ. ಮಾರುತಿಯ ಒಟ್ಟು ಮಾರಾಟದಲ್ಲಿ ಸ್ಟ್ರಾಂಗ್ ಹೈಬ್ರಿಡ್ ಪಾಲು ಸಣ್ಣದು. ಹೈಬ್ರಿಡ್ ನಂಬಿ ಮಾರುತಿ ಕೊಳ್ಳುವವರು ನಿಜವಾಗಿ ಕೊಳ್ಳುತ್ತಿರುವುದು ವ್ಯಾಗನಾರ್, ಸ್ವಿಫ್ಟ್ ಮತ್ತು ಸಿಎನ್‌ಜಿ ವ್ಯಾಪಾರವನ್ನು.

ಮಾರುತಿ ಶೇರು 15 ಸಾವಿರ ದಾಟಿದ್ದೂ ಹೈಬ್ರಿಡ್‌ನಿಂದ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 18ಕ್ಕೆ ಇಳಿಯಿತಲ್ಲ, ಅದರಿಂದ.

ವೈಟ್‌ಫೀಲ್ಡ್_ವೋಲ್ಟ್

ನನ್ನ ಮಾತು ಸ್ವಲ್ಪ ಬೇರೆ. ನಾನು ನಾಲ್ಕು ವರ್ಷದಿಂದ ಇವಿ ಓಡಿಸುತ್ತಿದ್ದೇನೆ, ಇವಿ ಮಾಡುವ ಎರಡು ಕಂಪನಿಗಳ ಶೇರೂ ಇಟ್ಟುಕೊಂಡಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಹೈಬ್ರಿಡ್ ಎಂದರೆ ಕೊನೆಗೂ ಪೆಟ್ರೋಲ್ ಕಾರೇ. ಹೈರೈಡರ್ ಬ್ಯಾಟರಿ 0.76 ಕಿಲೋವ್ಯಾಟ್ ಅವರ್. ನನ್ನ ಕಾರಿನ ಬ್ಯಾಟರಿ ಅದರ ಐವತ್ತು ಪಟ್ಟಿಗಿಂತ ದೊಡ್ಡದು. ಚೀನಾದಲ್ಲಿ ಏನಾಯಿತು ನೋಡಿ. ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ ಪೇಟೆ ಪ್ಲಗ್ ಹಾಕುವ ಕಾರಿನ ಕಡೆ ತಿರುಗಿತು. ಜಪಾನಿನ ಕಂಪನಿಗಳು ಅಲ್ಲಿ ಹಿಂದೆ ಬಿದ್ದವು. ಇಲ್ಲೂ ಬ್ಯಾಟರಿ ಬೆಲೆ ಇಳಿಯುತ್ತಲೇ ಇದೆ. 3,300 ಕೋಟಿ ಹಾಕಿ 2026ರಲ್ಲಿ ಶುರುವಾಗುವ ಪ್ಲಾಂಟು 2036ರಲ್ಲೂ ಓಡಬೇಕು. ಆಗ ಎಂಜಿನ್ ಇರುವ ಕಾರನ್ನು ಯಾರು ಕೇಳುತ್ತಾರೆ?

ಇವತ್ತಿನ ಲಾಭ ನೋಡಿ ಹೂಡಿದವರು ನಾಳೆ ಹಳೇ ಮಷೀನು ಹೊತ್ತು ಕೂರಬೇಕಾಗುತ್ತದೆ. ಇದು ನನ್ನ ನಿಜವಾದ ಆತಂಕ.

ಬಿ_ಶಿಫ್ಟ್

ಸರ್, ಒಂದು ತಿದ್ದುಪಡಿ. ಕಾರ್ಖಾನೆಯಲ್ಲಿ ದೊಡ್ಡ ಖರ್ಚು ಇರುವುದು ಪ್ರೆಸ್, ವೆಲ್ಡಿಂಗ್, ಪೇಂಟ್ ಶಾಪ್ ಮತ್ತು ಅಸೆಂಬ್ಲಿಯಲ್ಲಿ. ಬಾಡಿ ಬಾಡಿಯೇ, ಒಳಗೆ ಎಂಜಿನ್ ಇಟ್ಟರೂ ಬ್ಯಾಟರಿ ಇಟ್ಟರೂ ಬಣ್ಣ ಹೊಡೆಯುವ ಬೂತ್ ಅದೇ. ಕೆಲಸಕ್ಕೆ ಬಾರದೆ ಹೋಗುವುದು ಎಂಜಿನ್ ಮಷೀನಿಂಗ್ ಲೈನು ಮಾತ್ರ. ಹೈಬ್ರಿಡ್‌ನ ಮೋಟಾರು, ಇನ್ವರ್ಟರ್ ಮಾಡಲು ಕಲಿತವರು ಇವಿಗೂ ಅದನ್ನೇ ಮಾಡುತ್ತಾರೆ. ನಮ್ಮ ಪಕ್ಕದ ಯೂನಿಟ್‌ನಲ್ಲಿ ತಾಮ್ರದ ಸುರುಳಿ ಸುತ್ತುವುದನ್ನು ಕಲಿತ ಹುಡುಗರಿಗೆ ಈಗ ಇವಿ ಕಂಪನಿಗಳಿಂದ ಕರೆ ಬರುತ್ತಿದೆ. ಹೈಬ್ರಿಡ್ ಕೆಲಸ ಯಾರನ್ನೂ ಹಿಂದಕ್ಕೆ ತಳ್ಳಿಲ್ಲ ಸರ್, ಮುಂದಕ್ಕೇ ತಂದಿದೆ.

ನಗೋಯಾ_ಕನ್ನಡಿಗ

ನಾನು ಹಾಸನದವನು, ಎಂಟು ವರ್ಷದಿಂದ ಜಪಾನಿನ ಐಚಿಯಲ್ಲಿದ್ದೇನೆ. ಟೊಯೋಟಾ ಉದ್ಯೋಗಿ ಅಲ್ಲ, ಸಾಫ್ಟ್‌ವೇರ್ ಕೆಲಸ. ಆದರೆ ಟೊಯೋಟಾ ಶೇರು ಇದೆ. ಇಲ್ಲಿ ಸಾಮಾನ್ಯವಾಗಿ 100 ಶೇರಿನ ಲಾಟ್‌ನಲ್ಲಿ ಕೊಳ್ಳಬೇಕು.

ವೋಲ್ಟ್ ಅವರು ಹೇಳಿದ ಆತಂಕವನ್ನು ಇಲ್ಲಿನ ಹೂಡಿಕೆದಾರರು ವರ್ಷಗಟ್ಟಲೆ ಹೇಳಿದ್ದಾರೆ. 2023ರ ವಾರ್ಷಿಕ ಸಭೆಗೆ ಮೂರು ಯುರೋಪಿಯನ್ ಹೂಡಿಕೆ ಸಂಸ್ಥೆಗಳು ಹವಾಮಾನದ ಬಗ್ಗೆ ಒಂದು ಠರಾವು ತಂದವು. ಕಂಪನಿ ಸರ್ಕಾರಗಳ ಮೇಲೆ ಏನೇನು ಒತ್ತಡ ಹಾಕುತ್ತದೆ ಎಂಬುದನ್ನು ಬಹಿರಂಗ ಮಾಡಲಿ ಎಂಬುದು ಅವರ ಬೇಡಿಕೆ. ಠರಾವು ಬಿದ್ದುಹೋಯಿತು. ಆದರೆ ಅಧ್ಯಕ್ಷ ಅಕಿಯೊ ಟೊಯೋಡಾ ಅವರಿಗೆ ಬಿದ್ದ ಮತ 2022ರಲ್ಲಿ ಶೇಕಡ 96ರ ಹತ್ತಿರ ಇದ್ದದ್ದು 2023ರಲ್ಲಿ 85ಕ್ಕೆ ಬಂತು. 2024ರಲ್ಲಿ 72ಕ್ಕೆ ಇಳಿಯಿತು. ಆ ವರ್ಷದ ಇಳಿತಕ್ಕೆ ಗುಂಪಿನ ಕಂಪನಿಗಳ ಸರ್ಟಿಫಿಕೇಟ್ ಹಗರಣವೂ (ಸರ್ಟಿಫಿಕೇಟ್‌ಗೆ ಮಾಡಬೇಕಾದ ಪರೀಕ್ಷೆಗಳಲ್ಲಿ ಅಕ್ರಮ) ದೊಡ್ಡ ಕಾರಣ. 2025ರಲ್ಲಿ ಮತ್ತೆ 97ರ ಹತ್ತಿರ ಏರಿತು.

ಮಧ್ಯದಲ್ಲಿ ಏನಾಯಿತು? ಅಮೆರಿಕದಲ್ಲಿ ಇವಿ ಬೆಳವಣಿಗೆ ನಿಧಾನವಾಯಿತು, ಜನ ಹೈಬ್ರಿಡ್ ಕೇಳಿದರು. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಟೊಯೋಟಾದ ಕಾರ್ಯಾಚರಣೆ ಲಾಭ 5.35 ಲಕ್ಷ ಕೋಟಿ ಯೆನ್. ಜಪಾನಿನ ಯಾವ ಕಂಪನಿಯೂ ಅಲ್ಲಿಯವರೆಗೆ 5 ಲಕ್ಷ ಕೋಟಿ ದಾಟಿರಲಿಲ್ಲ. ಮುಂದಿನ ವರ್ಷ ಅದು 4.8ಕ್ಕೆ ಇಳಿಯಿತು, ಅದರ ಮುಂದಿನ ವರ್ಷಕ್ಕೆ ಅಮೆರಿಕದ ಸುಂಕದಿಂದ ಇನ್ನೂ ಸುಮಾರು 1.4 ಲಕ್ಷ ಕೋಟಿ ಯೆನ್ ಹೊಡೆತ ಎಂದು ಕಂಪನಿಯೇ 2025ರಲ್ಲಿ ಅಂದಾಜು ಹೇಳಿತ್ತು. ಆದರೂ 2025ರ ನವೆಂಬರ್‌ನಲ್ಲಿ ಅಮೆರಿಕದ ಐದು ಕಾರ್ಖಾನೆಗಳಲ್ಲಿ ಹೈಬ್ರಿಡ್ ಉತ್ಪಾದನೆ ಹೆಚ್ಚಿಸಲು 91.2 ಕೋಟಿ ಡಾಲರ್ ಹಾಕುತ್ತೇವೆ ಎಂದರು. ಬಿಡದಿಯ ವಿಸ್ತರಣೆಯನ್ನೂ ಇದರ ಜೊತೆ ಇಟ್ಟು ನೋಡಬೇಕು. ಒಂದೇ ಯೋಚನೆ ಎರಡು ದೇಶದಲ್ಲಿ ನಡೆಯುತ್ತಿದೆ.

ಇನ್ನೊಂದು ಮಾತು. 1997ರ ಡಿಸೆಂಬರ್‌ನಲ್ಲಿ ಮೊದಲ ಪ್ರಿಯಸ್ ಬಂದಾಗ ಹೈಬ್ರಿಡ್ ಭಾಗಗಳಿಗೆ ಎಷ್ಟು ಖರ್ಚಾಗುತ್ತಿತ್ತೋ ಈಗ ಅದರ ಆರನೇ ಒಂದು ಭಾಗ ಆಗುತ್ತದೆ ಎಂದು ಕಂಪನಿ ಹೇಳಿದೆ. ಪೆಟ್ರೋಲ್ ಕಾರಿನಷ್ಟೇ ಮಾರ್ಜಿನ್ ಹೈಬ್ರಿಡ್‌ನಲ್ಲೂ ಸಿಗುತ್ತದೆ. ಇಪ್ಪತ್ತೈದು ವರ್ಷ ಒಂದೇ ವಿಷಯ ಹಿಡಿದು ಮಾಡಿದ್ದರ ಫಲ ಇದು. ಹೂಡಿಕೆದಾರನಾಗಿ ನಾನು ಇದಕ್ಕೆ ಬೆಲೆ ಕೊಡುತ್ತೇನೆ.

ವೈಟ್‌ಫೀಲ್ಡ್_ವೋಲ್ಟ್

ನಗೋಯಾ ಅವರೇ, ಅಂಕಿ ಒಪ್ಪುತ್ತೇನೆ. ಆದರೆ ಅದು ಅಮೆರಿಕದ ಗ್ರಾಹಕರ ಕಥೆ. ಅಲ್ಲಿ ತೆರಿಗೆಯಲ್ಲಿ ಇಲ್ಲಿನಷ್ಟು ಅಂತರ ಇಲ್ಲ. ಇಲ್ಲಿ ಇವಿಗೆ ಶೇಕಡ 5 ಜಿಎಸ್‌ಟಿ, ದೊಡ್ಡ ಹೈಬ್ರಿಡ್‌ಗೆ 40. ಇಷ್ಟು ದೊಡ್ಡ ಭಾರ ಹೊತ್ತು ಹೈಬ್ರಿಡ್ ಎಷ್ಟು ದೂರ ಓಡುತ್ತದೆ?

ಲೆಕ್ಕದ_ಮೇಡಂ

ವೋಲ್ಟ್ ಸರ್ ಸರಿಯಾದ ಜಾಗಕ್ಕೆ ಕೈ ಹಾಕಿದರು. ತೆರಿಗೆಯ ಲೆಕ್ಕ ಬಿಡಿಸಿ ಹೇಳುತ್ತೇನೆ. ಕಾರ್ಖಾನೆಯಿಂದ ಹೊರಬರುವಾಗ 10 ಲಕ್ಷ ಬೆಲೆ ಇರುವ ಕಾರು ಎಂದುಕೊಳ್ಳಿ. ಉದ್ದ ನಾಲ್ಕು ಮೀಟರ್‌ಗಿಂತ ಜಾಸ್ತಿ.

2025ರ ಸೆಪ್ಟೆಂಬರ್‌ಗೆ ಮುಂಚೆ ಹೈಬ್ರಿಡ್ ಆಗಿದ್ದರೆ ಸೆಸ್ ಸೇರಿ ಶೇಕಡ 43, ಬೆಲೆ 14.30 ಲಕ್ಷ. 1500 ಸಿಸಿ ಒಳಗಿನ ಪೆಟ್ರೋಲ್ ಆಗಿದ್ದರೆ 45, ಬೆಲೆ 14.50. ದೊಡ್ಡ ಎಸ್‌ಯುವಿ ಆಗಿದ್ದರೆ 50, ಬೆಲೆ 15 ಲಕ್ಷ. ಈಗ ಎಲ್ಲಕ್ಕೂ 40. ಮೂರೂ 14 ಲಕ್ಷ.

ಎಲ್ಲರೂ ಹೈಬ್ರಿಡ್ ಅಗ್ಗವಾಯಿತು ಎಂದರು. ಆಯಿತು, 30 ಸಾವಿರ. ಆದರೆ ಪಕ್ಕದ ಪೆಟ್ರೋಲ್ ಕಾರು 50 ಸಾವಿರ ಇಳಿಯಿತು, ದೊಡ್ಡ ಡೀಸೆಲ್ ಎಸ್‌ಯುವಿ 1 ಲಕ್ಷ ಇಳಿಯಿತು. ಟೊಯೋಟಾ ತಾನೇ ಪ್ರಕಟಿಸಿದ ಪಟ್ಟಿ ನೋಡಿ. ಹೈಕ್ರಾಸ್ ಮೇಲೆ ಹೆಚ್ಚೆಂದರೆ 1.15 ಲಕ್ಷ ಇಳಿಕೆ, ಫಾರ್ಚೂನರ್ ಮೇಲೆ 3.49 ಲಕ್ಷದವರೆಗೆ. ಕಡಿಮೆ ಪೆಟ್ರೋಲ್ ಕುಡಿಯುವ ಕಾರಿಗೆ ಇದ್ದ ಸಣ್ಣ ತೆರಿಗೆ ರಿಯಾಯಿತಿಯೂ ಹೋಯಿತು. ನನಗೆ ಇದು ನಿಜವಾಗಿ ಬೇಸರದ ವಿಷಯ. ಹೂಡಿಕೆದಾರರು ಇದನ್ನು ಗಮನಿಸಲೇ ಇಲ್ಲ.

2017ರಲ್ಲೂ ಹೀಗೇ ಆಗಿತ್ತು. ಜಿಎಸ್‌ಟಿಗೆ ಮುಂಚೆ ಹೈಬ್ರಿಡ್ ಮೇಲೆ ಒಟ್ಟು ತೆರಿಗೆ ಸುಮಾರು 30 ಇತ್ತು. ಜುಲೈ 1ಕ್ಕೆ ಅದು 43 ಆಯಿತು. ಬಿಡದಿಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಮಾಡುತ್ತಿದ್ದವರಿಗೆ ಅದು ದೊಡ್ಡ ಪೆಟ್ಟು. 2020ರ ಸೆಪ್ಟೆಂಬರ್‌ನಲ್ಲಿ ಟೊಯೋಟಾ ಕಿರ್ಲೋಸ್ಕರ್‌ನ ಹಿರಿಯ ಅಧಿಕಾರಿಯೊಬ್ಬರು ಇಷ್ಟು ತೆರಿಗೆ ಇದ್ದರೆ ಭಾರತದಲ್ಲಿ ವಿಸ್ತರಣೆ ಮಾಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದ್ದರು. ದೊಡ್ಡ ಗದ್ದಲ ಆಯಿತು. ವಿಕ್ರಮ್ ಕಿರ್ಲೋಸ್ಕರ್ ಅವರೇ ಮುಂದೆ ಬಂದು 2,000 ಕೋಟಿ ಹೂಡುತ್ತೇವೆ ಎಂದು ಸಮಾಧಾನ ಹೇಳಬೇಕಾಯಿತು. ಮೂರೇ ವರ್ಷದಲ್ಲಿ ಅದೇ ಕಂಪನಿ ಮೂರನೇ ಪ್ಲಾಂಟಿಗೆ ಸಹಿ ಹಾಕಿತು. ತೆರಿಗೆ ಇಳಿಯದಿದ್ದರೂ ಜನ ಕೊಂಡರು, ಅದಕ್ಕೇ ಸಹಿ ಬಿತ್ತು.

ಕರಾವಳಿ_ಟ್ರಾವೆಲ್ಸ್

ಜನ ಯಾಕೆ ಕೊಂಡರು ಎಂದು ನಾನು ಹೇಳುತ್ತೇನೆ. ನಮ್ಮದು ಉಡುಪಿ ಕಡೆ, ಒಟ್ಟು ಆರು ಗಾಡಿ. ಅದರಲ್ಲಿ ಎರಡು ಹೈಬ್ರಿಡ್.

ಮೈಲೇಜ್ ಕಂಪನಿ ಹೇಳುವಷ್ಟು ಬರುವುದಿಲ್ಲ. ಹೈರೈಡರ್‌ಗೆ 27.97 ಎನ್ನುತ್ತಾರೆ, ನಮ್ಮ ಡ್ರೈವರ್ ಕೈಯಲ್ಲಿ 21 ಬರುತ್ತದೆ. ಅದೇ ಅಳತೆಯ ಪೆಟ್ರೋಲ್ ಆಟೋಮ್ಯಾಟಿಕ್ ನಮಗೆ 14 ಕೊಡುತ್ತಿತ್ತು. ಲೀಟರ್ 103 ಎಂದು ಹಿಡಿಯಿರಿ. ವರ್ಷಕ್ಕೆ 15 ಸಾವಿರ ಕಿಲೋಮೀಟರ್ ಓಡಿಸುವ ಮನೆಯವರಿಗೆ ಸುಮಾರು 36-37 ಸಾವಿರ ಉಳಿಯುತ್ತದೆ. ಹೈಬ್ರಿಡ್‌ಗೆ ಎರಡೂವರೆ ಲಕ್ಷ ಜಾಸ್ತಿ ಕೊಟ್ಟಿದ್ದರೆ ಅದು ವಾಪಸ್ ಬರಲು ಏಳು ವರ್ಷ ಬೇಕು. ನಮ್ಮ ಹಾಗೆ ವರ್ಷಕ್ಕೆ 40 ಸಾವಿರ ಓಡಿಸಿದರೆ ವರ್ಷಕ್ಕೆ 98 ಸಾವಿರ ಉಳಿತಾಯ. ಎರಡೂವರೆ ವರ್ಷದಲ್ಲಿ ದುಡ್ಡು ಕೈಗೆ ಬಂತು.

ಇವಿ ಯಾಕೆ ಇಲ್ಲ ಎಂದರೆ, ಕಳೆದ ವರ್ಷ ಒಂದು ಮದುವೆ ಪಾರ್ಟಿಯನ್ನು ಶೃಂಗೇರಿಗೆ ಇವಿಯಲ್ಲಿ ಕರೆದುಕೊಂಡು ಹೋಗಿದ್ದೆ. ಬಾಡಿಗೆಗೆ ತಂದ ಗಾಡಿ. ಆಗುಂಬೆ ಘಾಟಿ ಹತ್ತಿದ ಮೇಲೆ ಸಿಕ್ಕ ಚಾರ್ಜರ್ ಕೆಟ್ಟು ನಿಂತಿತ್ತು. ಮಳೆ ಸುರಿಯುತ್ತಿತ್ತು, ಒಳಗೆ ಅಜ್ಜಿ, ಮಗು. ಮುಂದಿನ ಚಾರ್ಜರ್ ತಲುಪುವವರೆಗೆ ಎಸಿ ಆಫ್ ಮಾಡಿ, ಕಿಟಕಿಯ ಮಂಜು ಬಟ್ಟೆಯಿಂದ ಒರೆಸಿಕೊಂಡು ಓಡಿಸಿದೆ. ಊರಲ್ಲಿ ಓಡಿಸುವವರಿಗೆ ಇವಿ ಚೆನ್ನಾಗಿದೆ, ಒಪ್ಪುತ್ತೇನೆ. ಘಟ್ಟದ ಕೆಲಸಕ್ಕೆ ನನಗೆ ಇನ್ನೂ ಧೈರ್ಯ ಇಲ್ಲ.

ವೈಟ್‌ಫೀಲ್ಡ್_ವೋಲ್ಟ್

ಅಜ್ಜಿ, ಮಗು ಇಟ್ಟುಕೊಂಡು ಹಾಗಾದರೆ ಯಾರಿಗಾದರೂ ಭಯ ಆಗುತ್ತದೆ. ಚಾರ್ಜರ್ ಕೆಟ್ಟರೆ ಕೇಳುವವರೇ ಇಲ್ಲ ಎಂಬುದು ಇವಿ ಓಡಿಸುವ ನಮ್ಮೆಲ್ಲರ ನೋವು. ಒಪ್ಪಿದೆ.

ಬ್ಯಾಟರಿ ಹಾಳಾದರೆ? ಹೈಬ್ರಿಡ್‌ಗೂ ಬ್ಯಾಟರಿ ಇದೆಯಲ್ಲ.

ಕರಾವಳಿ_ಟ್ರಾವೆಲ್ಸ್

8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. ನಮ್ಮದು ನಾಲ್ಕು ವರ್ಷಕ್ಕೇ ಅಷ್ಟು ಓಡುತ್ತದೆ, ಹಾಗಾಗಿ ಆ ಲೆಕ್ಕ ನಾನೂ ಇಟ್ಟುಕೊಂಡಿದ್ದೇನೆ. ಹೈಕ್ರಾಸ್‌ನಲ್ಲಿ ಇರುವುದು ಹಳೇ ಕಾಲದ ನಿಕಲ್ ಬ್ಯಾಟರಿ, ಅದು ಗಟ್ಟಿ ಎಂದು ಮೆಕ್ಯಾನಿಕ್‌ಗಳು ಹೇಳುತ್ತಾರೆ.

ರಾಮನಗರ_ರೀಲರ್

ಇಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದೀರಿ, ಎಲ್ಲರಿಗೂ ಋಣಿ. ಮೇಡಂ, ರಾಜ್ಯದ ರೋಡ್ ಟ್ಯಾಕ್ಸ್ ವಿಷಯ ಬಿಟ್ಟಿರಿ. ನಮ್ಮ ಭಾವ ನೋಯ್ಡಾದಲ್ಲಿ ಇದ್ದಾರೆ. 2024ರಲ್ಲಿ ಉತ್ತರ ಪ್ರದೇಶ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಪೂರ್ತಿ ಮನ್ನಾ ಮಾಡಿದಾಗ ಅವರು ಬಿಡದಿಯ ಕಾರು ತಗೊಂಡರು. ಪ್ಲಾಂಟಿನಿಂದ ನಾನು ಅರ್ಧ ಗಂಟೆ ದೂರದಲ್ಲಿದ್ದೇನೆ. ಅವರು ಎರಡು ಸಾವಿರ ಕಿಲೋಮೀಟರ್ ದೂರ. ಅದೇ ಕಾರು ಅವರಿಗೆ ನನಗಿಂತ ಅಗ್ಗ!

ಲೆಕ್ಕದ_ಮೇಡಂ

ಹೌದು. ನಮ್ಮಲ್ಲಿ 20 ಲಕ್ಷ ದಾಟಿದ ಕಾರಿಗೆ ಶೇಕಡ 18 ಜೀವಾವಧಿ ತೆರಿಗೆ, ಅದರ ಮೇಲೆ ಶೇಕಡ 11 ಸೆಸ್. ಒಟ್ಟು ಹತ್ತಿರ ಹತ್ತಿರ 20. ಅಂದರೆ 20 ಲಕ್ಷಕ್ಕಿಂತ ಸ್ವಲ್ಪ ಮೇಲಿನ ಕಾರಿಗೆ ಸುಮಾರು 4 ಲಕ್ಷ. ಅಲ್ಲಿ ಮಾಮೂಲಿ ದಿನದಲ್ಲೂ 10 ಇತ್ತು, ಅದನ್ನೂ ಬಿಟ್ಟರು.

2024ರ ಜುಲೈನಲ್ಲಿ ಆ ಸುದ್ದಿ ಬಂದ ದಿನ ಮಾರುತಿ ಶೇರು ಒಂದೇ ದಿನಕ್ಕೆ ಶೇಕಡ 6ಕ್ಕೂ ಜಾಸ್ತಿ ಏರಿತು. ಒಂದು ರಾಜ್ಯದ ಒಂದು ಆದೇಶಕ್ಕೆ! ಟಾಟಾ, ಮಹೀಂದ್ರಾ, ಹುಂಡೈನಂಥ ಕಂಪನಿಗಳು ಇದು ಇವಿಗೆ ಹೊಡೆತ ಎಂದು ವಿರೋಧಿಸಿದವು. ಈಗ ನೋಡಿ, ಅದೇ ಹುಂಡೈ 2025ರ ಅಕ್ಟೋಬರ್‌ನಲ್ಲಿ ಭಾರತಕ್ಕೆ 45,000 ಕೋಟಿಯ ಯೋಜನೆ ಹೇಳಿತು, ಅದರಲ್ಲಿ ಹೈಬ್ರಿಡ್‌ಗಳೂ ಇವೆ. ವಿರೋಧಿಸಿದವರೇ ಮಾಡಲು ಹೊರಟಿದ್ದಾರೆ ಎಂದರೆ ಮುಂದೆ ಪೈಪೋಟಿ ಬರುತ್ತದೆ. ಇವತ್ತು ಟೊಯೋಟಾಗೆ ಸಿಗುವ ಮಾರ್ಜಿನ್ ಆಗಲೂ ಸಿಗುತ್ತದೆಯೇ ಎಂದು ಯೋಚಿಸಬೇಕು.

ನಿವೃತ್ತ_ಬ್ಯಾಂಕರ್

ಧಾರವಾಡದಿಂದ ನಮಸ್ಕಾರ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನು. ಎರಡು ವಿಷಯ ಮಾತ್ರ ಹೇಳುತ್ತೇನೆ.

ಒಂದು, ಕೇಂದ್ರದ ಕೆಫೆ ನಿಯಮ. ಕಂಪನಿ ಮಾರಿದ ಎಲ್ಲ ಕಾರುಗಳ ಸರಾಸರಿ ಹೊಗೆ ಒಂದು ಮಿತಿಯೊಳಗೆ ಇರಬೇಕು. ಆ ಲೆಕ್ಕದಲ್ಲಿ ಒಂದು ಇವಿಯನ್ನು ಮೂರು ಕಾರು ಎಂದು ಎಣಿಸುತ್ತಾರೆ, ಒಂದು ಸ್ಟ್ರಾಂಗ್ ಹೈಬ್ರಿಡ್ಡನ್ನು ಎರಡು ಎಂದು. 2027ರ ಏಪ್ರಿಲ್‌ನಿಂದ ನಿಯಮ ಇನ್ನೂ ಬಿಗಿಯಾಗುತ್ತದೆ. ಅಂದರೆ ಮಾರುತಿಗೆ, ಟೊಯೋಟಾಗೆ ಹೈಬ್ರಿಡ್ ಬರೀ ಲಾಭದ ವಸ್ತು ಅಲ್ಲ. ಉಳಿದ ಪೆಟ್ರೋಲ್ ಕಾರುಗಳನ್ನು ಮಾರಲು ಬೇಕಾದ ಪರವಾನಗಿ ಇದ್ದ ಹಾಗೆ. ಒಂದೊಂದು ಕಾರಿನಲ್ಲಿ ಲಾಭ ಸ್ವಲ್ಪ ಕಡಿಮೆಯಾದರೂ ಅವರು ಮಾಡಿಯೇ ಮಾಡುತ್ತಾರೆ.

ಇನ್ನೊಂದು, ಮಾರುತಿ ತನ್ನ ಕಾಲ ಮೇಲೆ ನಿಲ್ಲುತ್ತಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಹನ್ಸಲ್‌ಪುರದಲ್ಲಿ ಹೈಬ್ರಿಡ್ ಬ್ಯಾಟರಿಯ ಎಲೆಕ್ಟ್ರೋಡ್ ಇಲ್ಲೇ ಮಾಡಲು ಶುರು ಮಾಡಿದರು. ತೋಷಿಬಾ, ಡೆನ್ಸೊ, ಸುಜುಕಿ ಮೂವರೂ ಸೇರಿದ ಕಂಪನಿ ಅದು. ಮರುತಿಂಗಳೇ 28.65 ಮೈಲೇಜ್ ಹೇಳುವ ವಿಕ್ಟೋರಿಸ್ ಬಂತು. ಸಣ್ಣ ಕಾರಿಗೆ ಅಗ್ಗದ ಹೈಬ್ರಿಡ್ ತಯಾರಾಗುತ್ತಿದೆ ಎಂಬ ಸುದ್ದಿಯೂ ಇದೆ. ನಾಲ್ಕು ಮೀಟರ್, 1200 ಸಿಸಿ ಒಳಗಿನ ಪೆಟ್ರೋಲ್ ಹೈಬ್ರಿಡ್ ಕಾರಿಗೆ 18 ಶೇಕಡ ತೆರಿಗೆ. 40 ಅಲ್ಲ, 18! ಅಂಥ ಕಾರು ಬಂದರೆ ರೀಲರ್ ಅವರ 40 ಶೇರಿಗೆ ಅರ್ಥವೇ ಬದಲಾಗುತ್ತದೆ.

ನಗೋಯಾ_ಕನ್ನಡಿಗ

ಇದು ಬಹಳ ಒಳ್ಳೆಯ ಮಾತು ಸರ್. ಟೊಯೋಟಾ ಹತ್ತಿರ ಸುಜುಕಿಯ ಸುಮಾರು ಶೇಕಡ 5 ಪಾಲಿದೆ, ಸುಜುಕಿ ಹತ್ತಿರ ಮಾರುತಿಯ ಶೇಕಡ 58. ಇಬ್ಬರೂ ನೆಂಟರು. ಆದರೂ ಮನೆಗೆ ಬೇಕಾದ ಅಡುಗೆ ತಾನೇ ಮಾಡಿಕೊಳ್ಳಲು ಮಾರುತಿ ಕಲಿತರೆ ಅದರ ಶೇರುದಾರರಿಗೆ ಒಳ್ಳೆಯದು.

ಭಾರತದಿಂದ ಟೊಯೋಟಾ ಶೇರನ್ನೇ ಕೊಳ್ಳಬೇಕು ಎನ್ನುವವರಿಗೆ ನ್ಯೂಯಾರ್ಕ್ ಪೇಟೆಯಲ್ಲಿ ಎಡಿಆರ್ (ವಿದೇಶಿ ಶೇರಿನ ಬದಲು ಅಮೆರಿಕದಲ್ಲಿ ಮಾರುವ ಪತ್ರ) ಸಿಗುತ್ತದೆ. ಒಂದು ಎಡಿಆರ್ ಎಂದರೆ 10 ಶೇರು. ಆದರೆ ಟೊಯೋಟಾದಂಥ ಸಮುದ್ರದಲ್ಲಿ ಬಿಡದಿ ಒಂದು ಬಿಂದಿಗೆ. ವರ್ಷಕ್ಕೆ ಒಂದು ಕೋಟಿ ಕಾರು ಮಾರುವ ಕಂಪನಿಗೆ ಇಲ್ಲಿನ ಒಂದು ಲಕ್ಷ ಎಷ್ಟರ ಮಟ್ಟಿಗೆ ಲೆಕ್ಕ? ಡಾಲರ್, ಯೆನ್ ಏರಿಳಿತ ಬೇರೆ.

ಲೆಕ್ಕದ_ಮೇಡಂ

ಜೊತೆಗೆ, ವಿದೇಶಕ್ಕೆ ಕಳಿಸುವ ದುಡ್ಡು ವರ್ಷಕ್ಕೆ 10 ಲಕ್ಷ ದಾಟಿದರೆ, ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇಕಡ 20 ಟಿಸಿಎಸ್ (ಮೊದಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಅಲ್ಲೇ ಕೂರುತ್ತದೆ. ಸಣ್ಣ ಮೊತ್ತಕ್ಕೆ ಟಿಸಿಎಸ್ ಬೀಳುವುದಿಲ್ಲ, ಆದರೂ ಬಿಡದಿಗೋಸ್ಕರ ಅಷ್ಟು ದೂರ ಹೋಗುವ ತಲೆನೋವು ಬೇಡ ಎಂಬುದು ನನ್ನ ಸಲಹೆ.

ಬಿ_ಶಿಫ್ಟ್

ಯಾರೂ ಹೇಳದ ಒಂದು ಅಪಾಯ ಇದೆ. ಹೈಬ್ರಿಡ್ ಮೋಟಾರಿಗೂ ಶಕ್ತಿಶಾಲಿ ಮ್ಯಾಗ್ನೆಟ್ ಬೇಕು, ಅದರ ಕಚ್ಚಾವಸ್ತು ಬಹುಪಾಲು ಚೀನಾದಿಂದ. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ಟೀ ಬ್ರೇಕಿನಲ್ಲಿ ಅದೇ ಮಾತು. ಇವಿಯವರಿಗೆ ಜಾಸ್ತಿ ಪೆಟ್ಟು, ಆದರೆ ನಮಗೂ ಭಯ ಇತ್ತು. ಒಂದು ಪಾರ್ಟು ಬಾರದಿದ್ದರೆ ಇಡೀ ಲೈನ್ ನಿಲ್ಲುತ್ತದೆ. ಹೈಕ್ರಾಸ್ ಟಾಪ್ ಮಾಡೆಲ್ ಬುಕಿಂಗ್ ಅನ್ನು 2023ರಲ್ಲಿ, ಮತ್ತೆ 2024ರಲ್ಲಿ ನಿಲ್ಲಿಸಿದ್ದು ನೆನಪಿದೆಯಾ? ಕೊಳ್ಳುವವರು ಸಾಲಲ್ಲಿ ನಿಂತಿದ್ದರು, ಅವರಿಗೆ ಕೊಡುವಷ್ಟು ಕಾರು ತಯಾರಾಗುತ್ತಿರಲಿಲ್ಲ. ಪ್ಲಾಂಟ್ ಕಟ್ಟುವುದು ಸುಲಭ. ಅದಕ್ಕೆ ಬೇಕಾದ ಪಾರ್ಟು ದಿನಾ ಗೇಟಿಗೆ ಬಂದು ನಿಲ್ಲುವ ಹಾಗೆ ಮಾಡುವುದು ಕಷ್ಟ.

ಮೂರನೇ ಪ್ಲಾಂಟ್ ಬಂದರೆ ನಮ್ಮ ಯೂನಿಟ್‌ಗೂ ಹೊಸ ಪ್ರೆಸ್ ಬರಬೇಕು. ಮಾಲೀಕರು ಬ್ಯಾಂಕ್ ಸಾಲ ಕೇಳಿದ್ದಾರೆ. ನನ್ನ ತಮ್ಮ ಐಟಿಐ ಮುಗಿಸಿದ್ದಾನೆ, ಅವನಿಗೂ ಇಲ್ಲೇ ಕೆಲಸ ಸಿಗಲಿ ಎಂದು ಕಾಯುತ್ತಿದ್ದೇನೆ. ನಮ್ಮ ಹೂಡಿಕೆ ಇದೇ.

ನಿವೃತ್ತ_ಬ್ಯಾಂಕರ್

ಮಾಲೀಕರ ಸಾಲದ ಕಡತ ನನ್ನ ಮೇಜಿಗೆ ಬಂದಿದ್ದರೆ ಮೊದಲು ಕೇಳುತ್ತಿದ್ದುದು ಒಂದೇ. ಒಬ್ಬರೇ ಗಿರಾಕಿಯೇ, ಇನ್ನೊಬ್ಬರು ಇದ್ದಾರೆಯೇ? 2020ರ ನವೆಂಬರ್‌ನಿಂದ 2021ರ ಮಾರ್ಚ್‌ವರೆಗೆ ಅಲ್ಲಿ ಮುಷ್ಕರ, ಲಾಕೌಟ್ ನಡೆದಾಗ ಒಬ್ಬರನ್ನೇ ನಂಬಿದ ಸಣ್ಣ ಯೂನಿಟ್‌ಗಳಿಗೆ ತುಂಬ ಕಷ್ಟ ಆಯಿತು. ನಿಮ್ಮ ತಮ್ಮನಿಗೆ ಒಳ್ಳೆಯದಾಗಲಿ. ಮಾಲೀಕರಿಗೆ ಈ ಮಾತು ತಲುಪಿಸಿ.

ವೈಟ್‌ಫೀಲ್ಡ್_ವೋಲ್ಟ್

ಈ ಚರ್ಚೆಯಿಂದ ನನ್ನ ಒಂದು ಅಭಿಪ್ರಾಯ ಬದಲಾಯಿತು, ಒಂದು ಹಾಗೇ ಉಳಿಯಿತು. ಪ್ಲಾಂಟ್ ವ್ಯರ್ಥವಾಗುತ್ತದೆ ಎಂದಿದ್ದೆ, ಬಿ ಶಿಫ್ಟ್ ಅವರ ಮಾತು ಕೇಳಿದ ಮೇಲೆ ಅದನ್ನು ಬಿಡುತ್ತೇನೆ. ಆದರೆ ಬ್ಯಾಟರಿ ಇನ್ನೂ ಅಗ್ಗವಾಗಿ, 15 ಲಕ್ಷದೊಳಗೆ 400 ಕಿಲೋಮೀಟರ್ ನಿಜವಾಗಿ ಓಡುವ ಇವಿ ಎಲ್ಲ ಕಡೆ ಸಿಕ್ಕ ದಿನ 20 ಲಕ್ಷದ ಹೈಬ್ರಿಡ್‌ಗೆ ಕಷ್ಟ ಎಂದು ಈಗಲೂ ನಂಬುತ್ತೇನೆ. ನನ್ನ ಶೇರು ಮಾರುವುದಿಲ್ಲ.

ರಾಮನಗರ_ರೀಲರ್

ಮೂರು ದಿನದಿಂದ ಎಲ್ಲ ಓದಿ, ಮನೆಯವರ ಜೊತೆಯೂ ಕೂತು ಮಾತಾಡಿದೆ. ಮಾರುತಿಯ 40 ಶೇರು ಹಾಗೇ ಇರುತ್ತವೆ. ಹೈಬ್ರಿಡ್ ಹೆಸರಲ್ಲಿ ಈಗಿನ ಬೆಲೆಗೆ ಹೊಸದಾಗಿ ತಗೊಳ್ಳುವುದಿಲ್ಲ. ನಾಲ್ಕು ಮೀಟರ್ ಒಳಗಿನ ಹೈಬ್ರಿಡ್ ಕಾರನ್ನು ಮಾರುತಿ ಷೋರೂಮಿನಲ್ಲಿ ಇಟ್ಟ ದಿನ ಬೆಲೆ ಎಷ್ಟು ಎಂದು ನೋಡಿ ಆಮೇಲೆ ಯೋಚಿಸುತ್ತೇನೆ. ಅಲ್ಲಿಯವರೆಗೆ ಆ ದುಡ್ಡು ಯೂನಿಟ್‌ಗೆ. ಹಳೇ ಬಾಯ್ಲರ್ ಬದಲಾಯಿಸಬೇಕು, ಎರಡು ವರ್ಷದಿಂದ ಮುಂದೂಡುತ್ತಾ ಬಂದಿದ್ದೇನೆ.

ಬಿ ಶಿಫ್ಟ್ ಅವರೇ, ಕಾರ್ಡು ತಿರುಗುವುದು ನಿಧಾನವಾದರೆ ಇಲ್ಲಿ ಒಂದು ಸಾಲು ಬರೆಯಿರಿ. ಪೇಪರಿಗಿಂತ ಮುಂಚೆ ನನಗೆ ಗೊತ್ತಾಗುತ್ತದೆ.

ಬಿ_ಶಿಫ್ಟ್

ಖಂಡಿತ ಅಣ್ಣಾ. ಇವತ್ತು ರಾತ್ರಿ ಹತ್ತಕ್ಕೆ ಮುಗಿಯಬೇಕಿತ್ತು, ಹನ್ನೆರಡರವರೆಗೆ ಓಟಿ ಹಾಕಿದ್ದಾರೆ.